ಘಾಟಿ ಇಳಿದು ಮೀನೂಟ: ಲಾಬ್‌ಸ್ಟರ್ ಹುಡುಕಿಕೊಂಡು ಹೋದ ನನ್ನ ಅನುಭವ

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬೆಂಗಳೂರಿಂದ ಬಂದವರು ಎರಡು ದಿನ ತೋಟ, ಜಲಪಾತ ನೋಡಿ ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಇಲ್ಲಿಂದ ಕಡಲು ಎಷ್ಟು ದೂರ? ಒಳ್ಳೆ ಮೀನು ಎಲ್ಲಿ ಸಿಗುತ್ತೆ? ಲಾಬ್‌ಸ್ಟರ್ ಸಿಗುತ್ತಾ?

ನಾನು ಪಕ್ಕಾ ಮಲೆನಾಡಿನವನು. ಗದ್ದೆ ಏಡಿ ಸಾರು, ಕಡುಬು, ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್ಮೀನು, ಇವೆಲ್ಲ ತಿಂದು ಬೆಳೆದವನು. ಸಮುದ್ರದ ಮೀನು ಅಂದ್ರೆ ಸಂತೆಗೆ ಐಸ್ ಪೆಟ್ಟಿಗೆಯಲ್ಲಿ ಬರುವ ಬಂಗುಡೆ, ಬೂತಾಯಿ ಅಷ್ಟೇ ಗೊತ್ತಿತ್ತು. ಅತಿಥಿಗಳಿಗೆ ಬಾಯಿಗೆ ಬಂದದ್ದು ಹೇಳಿ ಕಳಿಸೋದು ನನಗೆ ಆಗುವುದಿಲ್ಲ. ಹಾಗಾಗಿ ಕೊಯ್ಲಿನ ಕೆಲಸ ಇಲ್ಲದಾಗೆಲ್ಲ ನಾನೇ ಇಳಿಯಲು ಶುರು ಮಾಡಿದೆ. ಮಂಗಳೂರಿಂದ ಕಾರವಾರದವರೆಗೆ ಅಲ್ಲಿ ಇಲ್ಲಿ ತಿಂದಿದ್ದೇನೆ. ತಿಂದು ಗೊತ್ತಾಗಿದ್ದು ಇಷ್ಟು: ಯಾವ ಹೋಟೆಲ್ ಅಂತ ಕೇಳುವ ಮೊದಲು ಯಾವ ತಿಂಗಳು, ಎಷ್ಟು ಹೊತ್ತಿಗೆ ಅಂತ ನೋಡಬೇಕು.

ತಿಂಗಳ ಲೆಕ್ಕ ಮೊದಲು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅದು. ಮಳೆ ನೋಡಲು ಚಿಕ್ಕಮಗಳೂರಿಗೆ ಜನ ಬರುವುದೂ ಅದೇ ಸಮಯಕ್ಕೆ. ಆಗ ಕೆಳಗಿನ ಹೋಟೆಲ್‌ಗಳಲ್ಲಿ ಮೀನೇ ಇರಲ್ಲ ಅಂತಲ್ಲ, ಇರುತ್ತೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅದು ಮುಗಿದ ಮೇಲೆ ಅಲ್ಲಿನ ಬೋಟುಗಳ ಮೀನು ಲಾರಿ ಹತ್ತಿ ಈ ಕಡೆಗೆ ಬರುತ್ತೆ. ಇಲ್ಲದಿದ್ದರೆ ಕೋಲ್ಡ್ ಸ್ಟೋರೇಜ್ ಮಾಲು. ಕಡಲು ಸ್ವಲ್ಪ ಶಾಂತವಾದ ದಿನ ನಾಡದೋಣಿಯವರು ಹಿಡಿದು ತಂದಿದ್ದು ಸಿಕ್ಕರೆ ಅದೃಷ್ಟ. ಆ ಮೀನಿನ ರುಚಿಯೇ ಬೇರೆ. ಆದರೆ ಅದನ್ನು ನಂಬಿಕೊಂಡು ಸುಮ್ನೆ ಅಷ್ಟು ದೂರ ಹೋಗಬಾರದು.

ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಹೊರಡುತ್ತವೆ. ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ತಮಾಷೆ ಏನಂದ್ರೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬಹಳ ಮನೆಗಳಲ್ಲಿ ಅದೇ ತಿಂಗಳು ಶ್ರಾವಣ ಅಂತ ಮಾಂಸ ಮುಟ್ಟುವುದಿಲ್ಲ. ನನ್ನ ಹೆಂಡತಿ ಶ್ರಾವಣ ಮಾಡುತ್ತಾಳೆ, ನಾನು ಮಾಡುವುದಿಲ್ಲ. ಮನೆಯೊಳಗೆ ಮೀನು ತರುವಂತಿಲ್ಲ, ಹೊರಗೆ ತಿಂದು ಬಂದರೆ ಕೇಳುವಂತಿಲ್ಲ ಅಂತ ಒಪ್ಪಂದ ಆಗಿದೆ. ನನಗೆ ಇಷ್ಟವಾದ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಘಾಟಿಯಲ್ಲಿ ಮಳೆ ಕಾಟ ಕಡಿಮೆ, ಕಡಲೂ ಶಾಂತ.

ಇನ್ನು ಹೊತ್ತು. ನಾನು ನಸುಕಿಗೇ ಹೊರಡುತ್ತೇನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದರೆ ಉಜಿರೆ, ಬೆಳ್ತಂಗಡಿ. ಗುರುವಾಯನಕೆರೆಯಲ್ಲಿ ದಾರಿ ಕವಲಾಗುತ್ತೆ. ಮಂಗಳೂರಿಗೆ ಬಿ.ಸಿ. ರೋಡ್ ಕಡೆ, ಉಡುಪಿ ಮಲ್ಪೆಗೆ ಕಾರ್ಕಳದ ಕಡೆ. ಹಾಸನದವರಿಗೆ ಸಕಲೇಶಪುರ ದಾಟಿ ಶಿರಾಡಿ, ಗುಂಡ್ಯ, ಉಪ್ಪಿನಂಗಡಿ ಮೇಲೆ ನೇರ ಮಂಗಳೂರು. ಶೃಂಗೇರಿ, ಕೊಪ್ಪದವರು ಆಗುಂಬೆ ಇಳಿದು ಹೆಬ್ರಿ ಹಿಡಿದರೆ ಉಡುಪಿ ಹತ್ತಿರ. ಕೆಳಗೆ ಹೋಗಿ ತಲುಪುವಷ್ಟರಲ್ಲಿ ಊಟದ ಹೊತ್ತು ಆಗಬೇಕು, ಮೀರಬಾರದು. ಒಳ್ಳೆ ಮೀನೂಟದ ಹೋಟೆಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆ ಮೇಲೆ ಹೋದರೆ ಉಳಿದದ್ದೇ ಗತಿ. ರಾತ್ರಿ ಊಟಕ್ಕೆ ನಾನು ಮೀನು ಹುಡುಕುವುದೇ ಇಲ್ಲ.

ಆದರೆ ನಿಜವಾದ ಪಾಠ ಆಗಿದ್ದು ಹೋಟೆಲ್‌ನಲ್ಲಲ್ಲ, ದಕ್ಕೆಯಲ್ಲಿ, ಅಂದರೆ ಬೋಟುಗಳು ಬಂದು ಮೀನು ಇಳಿಸುವ ಕಟ್ಟೆಯಲ್ಲಿ. ಹಿಂದಿನ ದಿನವೇ ಇಳಿದು ಉಡುಪಿಯಲ್ಲಿ ಉಳಿದಿದ್ದರೆ ಬೆಳಿಗ್ಗೆ ಮಲ್ಪೆ ಬಂದರಿಗೆ ಹೋಗುತ್ತೇನೆ. ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರು ಅದು. ಕಾಲಡಿ ನೀರು, ಐಸ್ ಪುಡಿ, ತಲೆ ಮೇಲೆ ಹದ್ದು, ಕಾಗೆ. ಬುಟ್ಟಿ ಹೊತ್ತವರು "ಬದಿ, ಬದಿ" ಅಂತ ನುಗ್ಗುತ್ತಾರೆ. ಒಂದು ಕಡೆ ಏಲಂ ಕೂಗುತ್ತಿರುತ್ತಾರೆ. ಚಪ್ಪಲಿ ಹಾಳಾಗುತ್ತೆ, ಹಳೇದು ಹಾಕಿಕೊಂಡು ಹೋಗಿ. ಒಮ್ಮೆ ಅಲ್ಲಿ ಮೀನು ಮಾರುವ ಹೆಂಗಸೊಬ್ಬರನ್ನು ಕೇಳಿದೆ.

"ಅಕ್ಕ, ಇದು ಇವತ್ತಿನ ಮೀನಾ?"

"ಬೋಟು ಇವತ್ತು ಬಂದದ್ದು ಅಣ್ಣ. ಮೀನು ಯಾವಾಗ ಹಿಡಿದದ್ದು ಅಂತ ಮೀನಿನ ಹತ್ರವೇ ಕೇಳಿ."

ಕೇಳುವುದು ಹೇಗೆ ಅಂತಲೂ ಅವರೇ ತೋರಿಸಿದರು. ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿದರು. ಒಳಗೆ ಕೆಂಪು ರಕ್ತದ ಬಣ್ಣ. ಪಕ್ಕದ ರಾಶಿಯಿಂದ ಇನ್ನೊಂದು ಎತ್ತಿದರು. ಅದರ ಕಿವಿರು ಕಂದಿ ಹೋಗಿತ್ತು. ಮೊದಲನೆಯದರ ಕಣ್ಣು ಉಬ್ಬಿ ಹೊಳೆಯುತ್ತಿತ್ತು, ಎರಡನೆಯದರ ಕಣ್ಣು ಒಳಗೆ ಹೋಗಿ ಮಂಜಾಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಒಂದರ ಮೈ ತಟ್ಟನೆ ಮೇಲೆ ಬಂತು, ಇನ್ನೊಂದರಲ್ಲಿ ಬೆರಳಿನ ಗುಂಡಿ ಹಾಗೇ ನಿಂತಿತು. ಎರಡೂ ಒಂದೇ ದಕ್ಕೆಯ ಮೀನು, ಒಂದೇ ಬೆಳಿಗ್ಗೆ.

ಆಳಸಮುದ್ರದ ಬೋಟುಗಳು ವಾರಕ್ಕಿಂತ ಜಾಸ್ತಿ ದಿನ ನೀರಿನಲ್ಲೇ ಇರುತ್ತವೆ. ಮೊದಲ ದಿನ ಹಿಡಿದ ಮೀನು ಅಷ್ಟೂ ದಿನ ಐಸ್‌ನಲ್ಲೇ ಇರುತ್ತೆ. ಕೆಟ್ಟದ್ದು ಅಂತಲ್ಲ, ಐಸ್ ಚೆನ್ನಾಗಿ ಹಾಕಿದ್ದರೆ ತಿನ್ನಲು ಏನೂ ತೊಂದರೆ ಇಲ್ಲ. ಆದರೆ 'ಫ್ರೆಶ್' ಅಂತ ಬೋರ್ಡ್ ಹಾಕಿದ್ದನ್ನು ನೋಡಿ ಜಾಸ್ತಿ ದುಡ್ಡು ಕೊಡುವಾಗ ಇದು ಗೊತ್ತಿರಬೇಕು ಅಲ್ವಾ? ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರುವ ಸಣ್ಣ ದೋಣಿಗಳ ಮೀನು ಬೇರೆ ಲೆಕ್ಕ. ಕೈರಂಪಣಿ ಸಿಕ್ಕರಂತೂ ಬಿಡಬೇಡಿ. ಮಲ್ಪೆ, ಪಡುಕೆರೆ ಕಡೆ ದಡದಲ್ಲಿ ನಿಂತು ಬಲೆಯ ಎರಡು ತುದಿ ಹಿಡಿದು ಜನ ಎಳೆಯುತ್ತಾರೆ. ಮರಳಿನ ಮೇಲೆ ಮೀನು ಇನ್ನೂ ಕುಣಿಯುತ್ತಿರುತ್ತೆ. ಅಲ್ಲೇ ಕೊಂಡು ಪರಿಚಯದ ಹೋಟೆಲ್‌ನವರಿಗೆ ಕೊಟ್ಟರೆ ಮಸಾಲೆ ಹಾಕಿ ಕಾಯಿಸಿ ಕೊಡುವವರಿದ್ದಾರೆ. ಮೊದಲೇ ಒಂದು ಮಾತು ಕೇಳಿಕೊಳ್ಳಬೇಕು ಅಷ್ಟೇ.

ಬಂಗುಡೆ ವಿಷಯದಲ್ಲಿ ಇನ್ನೊಂದು ಎಚ್ಚರ. ಬಿಸಿಲಿಗೆ ಬಿಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನುವ ಪದಾರ್ಥ ಸೇರಿಕೊಳ್ಳುತ್ತೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸುತ್ತೆ. ಜನ ಇದನ್ನು ಮೀನಿನ ಅಲರ್ಜಿ ಅಂದುಕೊಂಡು ಆಮೇಲೆ ಮೀನೇ ಬಿಟ್ಟುಬಿಡುತ್ತಾರೆ. ಪಾಪ.

ಈಗ ಊಟಕ್ಕೆ ಬರೋಣ. ಮಂಗಳೂರಿನಲ್ಲಿ ನಾನು ಬಂದರು ಪ್ರದೇಶದ ನಾರಾಯಣ ಹೋಟೆಲ್‌ಗೂ, ರಥಬೀದಿ ಹತ್ತಿರದ ಗಿರಿಮಂಜಾಸ್‌ಗೂ ಹೋಗುತ್ತೇನೆ. ಉಡುಪಿಯಲ್ಲಾದರೆ ತಿಮ್ಮಪ್ಪ. ಯಾವುದೂ ಗುಟ್ಟಿನ ಜಾಗ ಅಲ್ಲ, ಊರಿಗೆಲ್ಲ ಗೊತ್ತು. ಬಾಗಿಲಲ್ಲಿ ಕಾಯಬೇಕಾಗುತ್ತೆ, ತಿನ್ನುತ್ತಿರುವವರ ಹಿಂದೆ ನಿಂತು ಕುರ್ಚಿ ಹಿಡಿಯಬೇಕಾಗುತ್ತೆ. ನನಗೆ ಆ ನೂಕುನುಗ್ಗಲೇ ಭರವಸೆ. ಅಷ್ಟು ಜನ ತಿನ್ನುವ ಕಡೆ ಮೀನು ನಾಳೆಗೆ ಉಳಿಯುವುದಿಲ್ಲ. ಕಡಲು ಕಾಣುವ ಕಿಟಕಿ, ಬಣ್ಣದ ಲೈಟು ಇರುವ ಕಡೆ ದುಡ್ಡು ಅದಕ್ಕೇ ಹೋಗುತ್ತೆ.

ಮೀನೂಟ ಅಂತ ಹೇಳಿದರೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ ಬರುತ್ತೆ. ಫ್ರೈ ಬೇರೆ ಹೇಳಬೇಕು. ಘಟ್ಟದ ಮೇಲಿನವರು ಹೋದ ತಕ್ಷಣ ಅಂಜಲ್ ಅನ್ನುತ್ತಾರೆ. ಮುಳ್ಳು ಕಡಿಮೆ ಅಂತ. ನನ್ನ ಪ್ರಕಾರ ಅಂಜಲ್‌ಗೆ ಕೊಡುವ ದುಡ್ಡಿನಲ್ಲಿ ಬಂಗುಡೆ ತವಾ ಫ್ರೈ, ಬೂತಾಯಿ ಪುಳಿಮುಂಚಿ (ಹುಳಿ, ಮೆಣಸಿನ ಗಟ್ಟಿ ಸಾರು) ಎರಡೂ ತಿನ್ನಬಹುದು, ರುಚಿಯೂ ಜಾಸ್ತಿ. ಮುಳ್ಳಿಗೆ ಹೆದರುವವರಿಗೆ ಕಾಣೆ ಇದೆ. ನಡುಮುಳ್ಳು ಹಿಡಿದು ಎಳೆದರೆ ಮಾಂಸ ನಾಜೂಕಾಗಿ ಬಿಟ್ಟುಕೊಳ್ಳುತ್ತೆ. ರವಾ ಫ್ರೈ ನನಗೆ ಆಗಿಬರುವುದಿಲ್ಲ. ರವೆಯ ಕರುಕುರು ಚೆನ್ನಾಗಿರುತ್ತೆ ನಿಜ, ಆದರೆ ಮೀನು ಹೇಗಿದೆ ಅಂತ ಗೊತ್ತೇ ಆಗಲ್ಲ. ಸಿಗಡಿ ಘೀ ರೋಸ್ಟ್ ಬಗ್ಗೆಯೂ ಅದೇ ತಕರಾರು. ಕುಂದಾಪುರದಲ್ಲಿ ಕೋಳಿಗೆ ಅಂತ ಹುಟ್ಟಿದ ಮಸಾಲೆ ಅದು, ಸಿಗಡಿಯ ಸಿಹಿಯನ್ನು ಮುಚ್ಚಿಬಿಡುತ್ತೆ. ಮರುವಾಯಿ (ಚಿಪ್ಪುಮೀನು) ಸುಕ್ಕ ಇದೆ ಅಂದರೆ ಮಾತ್ರ ಬೇರೆ ಏನಿದ್ದರೂ ಬಿಟ್ಟು ಅದನ್ನೇ ಹೇಳುತ್ತೇನೆ, ನೀರುದೋಸೆ ಜೊತೆ.

ಲಾಬ್‌ಸ್ಟರ್ ಕಥೆ ಉದ್ದ ಇದೆ. ನಮ್ಮ ಕಡಲಿನ ಲಾಬ್‌ಸ್ಟರ್‌ಗೆ ಟೀವಿಯಲ್ಲಿ ನೋಡುವ ದೊಡ್ಡ ಇಕ್ಕಳದ ಕೈ ಇರುವುದಿಲ್ಲ. ಉದ್ದ ಮೀಸೆ, ಮೈಮೇಲೆ ಮುಳ್ಳು. ತಿನ್ನುವ ಮಾಂಸ ಹೆಚ್ಚುಕಮ್ಮಿ ಎಲ್ಲಾ ಬಾಲದಲ್ಲೇ. ಒಟ್ಟು ತೂಕದ ಸುಮಾರು ಮೂರನೇ ಒಂದು ಭಾಗ. ಅರ್ಧ ಕಿಲೋ ತೂಗಿದ್ದರಲ್ಲಿ ಒಬ್ಬರಿಗೂ ಸರಿಯಾಗಿ ಹೊಟ್ಟೆ ತುಂಬುವುದಿಲ್ಲ. ಹಗಲು ಬಂಡೆ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಗೆ ಬರುವ ಪ್ರಾಣಿ. ಬಲೆಗೆ ಸಿಕ್ಕಿದರೂ ಚೆನ್ನಾಗಿರುವುದು ಹೊರದೇಶಕ್ಕೆ, ದೊಡ್ಡ ಹೋಟೆಲ್‌ಗಳಿಗೆ ಹೋಗುತ್ತೆ. ಹಾಗಾಗಿ ಮೆನುವಿನಲ್ಲಿ ಹೆಸರಿದ್ದ ಮಾತ್ರಕ್ಕೆ ಅಡಿಗೆಮನೆಯಲ್ಲಿ ಇದೆ ಅಂತಲ್ಲ.

ಮೆನುವಿನಲ್ಲಿ ಅದರ ಮುಂದೆ ಬೆಲೆ ಇರುವುದಿಲ್ಲ, 'ಎಪಿಎಸ್' ಅಂತ ಇರುತ್ತೆ. ಗಾತ್ರದ ಮೇಲೆ ಬೆಲೆ ಅಂತ ಅರ್ಥ. ಒಂದು ಬೀಚ್ ಹೋಟೆಲ್‌ನಲ್ಲಿ ಹೀಗೇ ಹೇಳಿದ್ದಕ್ಕೆ ಬೆಣ್ಣೆ, ಬೆಳ್ಳುಳ್ಳಿ ಸುರಿದ ತಟ್ಟೆ ಬಂತು. ಬಾಲ ಕೋಲಿನ ಹಾಗೆ ನೆಟ್ಟಗೆ ಮಲಗಿತ್ತು, ಮಾಂಸ ಹಿಟ್ಟು ಹಿಟ್ಟಾಗಿತ್ತು. ಬಿಲ್ಲು ನೋಡಿ ಜೊತೆಗಿದ್ದ ಭಾವ ಅರ್ಧ ದಾರಿ ಮಾತೇ ಆಡಲಿಲ್ಲ. ಜೀವ ಇರುವ ಲಾಬ್‌ಸ್ಟರ್ ಬೇಯಿಸಿದರೆ ಬಾಲ ಒಳಗೆ ಸುರುಳಿಕೊಳ್ಳುತ್ತೆ. ಸತ್ತು ಎಷ್ಟೋ ಹೊತ್ತಾಗಿದ್ದರೆ ನೆಟ್ಟಗೇ ಉಳಿಯುತ್ತೆ. ಸತ್ತ ಮೇಲೆ ಅದರ ಹೊಟ್ಟೆಯ ರಸವೇ ಮಾಂಸವನ್ನು ಕರಗಿಸಲು ಶುರು ಮಾಡುತ್ತೆ, ಅದಕ್ಕೇ ಆ ಹಿಟ್ಟು.

ಈಗ ನಾನು ಮಾಡುವುದು ಹೀಗೆ. ಹಿಂದಿನ ದಿನ ಫೋನ್ ಮಾಡಿ ಇದೆಯಾ ಅಂತಲ್ಲ, ಜೀವಂತ ಸಿಗುತ್ತಾ ಅಂತ ಕೇಳುತ್ತೇನೆ. "ನಾಳೆ ಬೆಳಿಗ್ಗೆ ನೋಡಿ ಹೇಳ್ತೇನೆ" ಅಂದವರನ್ನು ನಂಬುತ್ತೇನೆ. "ಯಾವಾಗ ಬಂದರೂ ಉಂಟು" ಅಂದರೆ ಅದು ಫ್ರೀಜರ್‌ನಲ್ಲಿ ಉಂಟು. ಹೋದ ಮೇಲೆ ಟೇಬಲ್‌ಗೆ ತರಿಸಿ ನೋಡುತ್ತೇನೆ. ಮಲ್ಪೆ ಹತ್ತಿರದ ಒಂದು ಸಣ್ಣ ಹೋಟೆಲ್‌ನಲ್ಲಿ ಹುಡುಗ ಬೆನ್ನು ಹಿಡಿದು ಎತ್ತಿದ ಕೂಡಲೇ ಅದು ಬಾಲವನ್ನು ಹೊಟ್ಟೆಗೆ ಪಟಪಟ ಬಡಿಯಿತು, ನನ್ನ ಅಂಗಿಗೆಲ್ಲ ನೀರು. ಅದೇ ಬೇಕಾದ್ದು. ಹಸಿರು ಬೂದು ಮೈ, ಮೀಸೆ ಎರಡೂ ಪೂರ್ತಿ. ತಕ್ಕಡಿಗೆ ಹಾಕಿಸಿ, ಕಿಲೋಗೆ ಎಷ್ಟು, ಮಾಡಿಕೊಡಲು ಎಷ್ಟು ಅಂತ ಅಲ್ಲೇ ಮಾತಾಡಿಕೊಂಡೆ. ಸಂಕೋಚ ಪಡಬೇಡಿ, ಕೇಳಿದರೆ ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಐಸ್ ನೀರಿನಲ್ಲಿಟ್ಟು ಮಂಪರು ಬಂದ ಮೇಲೆ ಉದ್ದಕ್ಕೆ ಸೀಳಿ, ಉಪ್ಪು, ಅರಿಶಿನ, ಕಾಳುಮೆಣಸು, ಸ್ವಲ್ಪ ಬೆಣ್ಣೆ ಹಾಕಿ ಕಾವಲಿ ಮೇಲೆ ಏಳೆಂಟು ನಿಮಿಷ. ಚಿಪ್ಪು ಕೆಂಪಾಯಿತು. ಆ ಕೆಂಪು ಮೊದಲಿನಿಂದ ಒಳಗೇ ಇರುತ್ತದಂತೆ, ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತೆ, ಬಿಸಿ ತಾಗಿದಾಗ ಬಿಡುತ್ತೆ. ಮಾಂಸ ಬಿಳಿ, ಬಿಗಿ, ಸಿಹಿ. ಕಾಳುಮೆಣಸು ನಮ್ಮ ತೋಟದ್ದೇ ತೆಗೆದುಕೊಂಡು ಹೋಗಿದ್ದೆ ಅನ್ನೋದು ಸ್ವಲ್ಪ ಜಂಬದ ವಿಷಯ.

ಹೊಟ್ಟೆಯಡಿ ಮೊಟ್ಟೆ ಗೊಂಚಲು ಇದ್ದರೆ ಬೇಡ ಅನ್ನುತ್ತೇನೆ. ತೀರಾ ಸಣ್ಣದೂ ಬೇಡ. 2003ರಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಕನಿಷ್ಠ ತೂಕ ಗೊತ್ತುಮಾಡಿದೆ, ಜಾತಿ ನೋಡಿಕೊಂಡು 200, 300, 500 ಗ್ರಾಂ ಹೀಗೆ. ನಮ್ಮ ತಟ್ಟೆಗೂ ಅದೇ ಅಳತೆ ಇರಲಿ ಅಂತ ನನ್ನ ಹಟ. ಇನ್ನು ಕೆಲವು ಕಡೆ ಚಪ್ಪಟೆ ತಲೆಯ, ಉದ್ದ ಮೀಸೆ ಇಲ್ಲದ ಸ್ಲಿಪ್ಪರ್ ಲಾಬ್‌ಸ್ಟರ್ ಕೊಡುತ್ತಾರೆ. ರುಚಿ ಚೆನ್ನಾಗಿಯೇ ಇರುತ್ತೆ, ಬೆಲೆ ಮಾತ್ರ ದೊಡ್ಡಣ್ಣನದ್ದು ಕೊಡಬೇಡಿ.

ಕುಂದಾಪುರದಿಂದ ಉತ್ತರಕ್ಕೆ ಹೋಗುವುದಾದರೆ ಒಂದು ರಾತ್ರಿ ಉಳಿಯುವ ಲೆಕ್ಕ ಇಟ್ಟುಕೊಳ್ಳಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನೋಡಿಕೊಂಡು ಹೋಗಬಹುದು. ಕುಮಟಾ ಹತ್ತಿರ ಅಘನಾಶಿನಿ ಅಳಿವೆಯ ಬೆಳಚು ಪ್ರಸಿದ್ಧ. ಮಂಗಳೂರು ಕಡೆ ಮರುವಾಯಿ ಅಂತ ತಿನ್ನುವುದರ ನೆಂಟ. ಅದಕ್ಕಾಗಿಯೇ ಹೋಗಬಹುದು.

ವಾಪಸ್ ಬರುವಾಗ ಮನೆಗೆ ಮೀನು ತರುವುದಿದ್ದರೆ ಥರ್ಮಾಕೋಲ್ ಪೆಟ್ಟಿಗೆ ಮನೆಯಿಂದಲೇ ಒಯ್ಯುತ್ತೇನೆ. ಕೊಂಡ ಕಡೆಯೇ ಹೊಟ್ಟೆ, ಕಿವಿರು ತೆಗೆಸಿ, ಮೀನು ಎಷ್ಟೋ ಅಷ್ಟೇ ತೂಕದ ಐಸ್ ಪುಡಿ, ಒಂದು ಪದರ ಐಸ್, ಒಂದು ಪದರ ಮೀನು. ಕರಗಿದ ನೀರಿನಲ್ಲಿ ಮೀನು ನೆನೆಯಬಾರದು, ಕೆಳಗೆ ತೂತು ಮಾಡಿ ಪೆಟ್ಟಿಗೆಯನ್ನು ಬೇಸನ್‌ನಲ್ಲಿ ಇಡಬೇಕು. ಬೇಸನ್ ಮರೆತರೆ ಕಾರಿನ ವಾಸನೆ ಮುಂದಿನ ಮಳೆಗಾಲಕ್ಕೂ ಹೋಗುವುದಿಲ್ಲ. ಬಂಗುಡೆ, ಬೂತಾಯಿ ಅದೇ ರಾತ್ರಿ ಒಲೆಗೆ. ಅಂಜಲ್ ಮಾರನೇ ದಿನಕ್ಕೂ ತಡೆಯುತ್ತೆ. ಲಾಬ್‌ಸ್ಟರ್ ಮಾತ್ರ ನಾನು ತರುವುದಿಲ್ಲ. ಚಾರ್ಮಾಡಿ ಹತ್ತುವಷ್ಟರಲ್ಲಿ ಅದರ ಜೀವ ಹೋಗಿರುತ್ತೆ, ಆಮೇಲೆ ಅದೇ ಹಿಟ್ಟು.