ಪ್ಲಾಸ್ಮಾ ಕರಗುವ ಅರ್ಧ ಗಂಟೆ

ತುಮಕೂರಿನಲ್ಲಿ ನನಗೆ ಅವತ್ತು ರಾತ್ರಿ ಡ್ಯೂಟಿ. ಶಿರಾ ಕಡೆಯ ಅಮ್ಮ ಒಬ್ಬರನ್ನು ಆಟೊದಲ್ಲಿ ಕರೆತಂದರು. ರಕ್ತ ವಾಂತಿ, ಡಾಂಬರಿನಂಥ ಮಲ, ಬಿಪಿ 80. ಎದೆ ಮೇಲೆ ಹಳೇ ಹೊಲಿಗೆ ಗುರುತು. ಸ್ಟೆತಸ್ಕೋಪ್ ಇಟ್ಟರೆ ಲೋಹದ ವಾಲ್ವಿನ ಟಿಕ್ ಟಿಕ್. ಮಗ ಒಂದು ಪ್ಲಾಸ್ಟಿಕ್ ಕವರ್ ಚಾಚಿದ. ಒಳಗೆ ಅಸಿಟ್ರಾಮ್, ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಅದರ ಕೆಳಗೆ ಮಂಡಿ ನೋವಿಗೆ ಡೈಕ್ಲೋಫೆನಾಕ್, ಭೇದಿಗೆ ಮೆಟ್ರೋನಿಡಜೋಲ್, ಎರಡೂ ಅಂಗಡಿಯಲ್ಲಿ ಕೇಳಿ ತಂದಿದ್ದು. ಒಂದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಇನ್ನೊಂದು ಅಸಿಟ್ರಾಮನ್ನು ದೇಹದಲ್ಲೇ ಉಳಿಸುತ್ತೆ.

ಹಿಂದೊಮ್ಮೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡವಾಗುತ್ತೆ ಅನ್ನೋ ಅಳತೆ, ಸಾಮಾನ್ಯವಾಗಿ 1ರ ಆಸುಪಾಸು) ರಿಪೋರ್ಟ್ ಬರಲಿ ಅಂತ ಕಾದು ಒಂದು ಗಂಟೆ ಕಳೆದುಕೊಂಡಿದ್ದೆ. ಈ ಸಲ ಗ್ರೂಪಿಂಗ್‌ಗೆ ರಕ್ತ ಕಳಿಸಿ, ಆಗಲೇ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದೆ. ಐಎನ್‌ಆರ್ 9 ಅಂತ ಆಮೇಲೆ ಬಂತು.

ಅಸಿಟ್ರಾಮಿಗೆ ಎದುರು ಮದ್ದು ವಿಟಮಿನ್ ಕೆ. 10 ಮಿ.ಗ್ರಾಂ, 100 ಎಂಎಲ್ ಸಲೈನ್‌ನಲ್ಲಿ, ಅರ್ಧ ಗಂಟೆ ನಿಧಾನಕ್ಕೆ. ಜೋರಾಗಿ ತಳ್ಳಿದರೆ ಅಲರ್ಜಿಯಾಗಿ ಬಿಪಿ ಇನ್ನೂ ಕುಸಿಯಬಹುದು. ಅದು ಕೆಲಸ ಶುರು ಮಾಡೋಕೇ ನಾಲ್ಕಾರು ಗಂಟೆ ಬೇಕು, ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನುಗಳನ್ನು, ಅಂದರೆ ಫ್ಯಾಕ್ಟರ್‌ಗಳನ್ನು, ಲಿವರ್ ಹೊಸದಾಗಿ ತಯಾರಿಸಬೇಕಲ್ವಾ? ಆ ಫ್ಯಾಕ್ಟರ್‌ಗಳನ್ನೇ ಸಾಂದ್ರವಾಗಿ ತುಂಬಿದ ಪಿಸಿಸಿ ಇಂಜೆಕ್ಷನ್ ಇದ್ದಿದ್ದರೆ ಅರ್ಧ ಗಂಟೆಯೊಳಗೆ ಸರಿಹೋಗುತ್ತಿತ್ತು. ಅಮ್ಮನ ತೂಕ 54 ಕೆ.ಜಿ., ಕೆ.ಜಿ.ಗೆ 50ರಂತೆ 2700 ಯೂನಿಟ್. ಆದರೆ ನಮ್ಮ ಫ್ರಿಜ್ಜಿನಲ್ಲಿ ಅವತ್ತು ಒಂದು ವಯಲ್ಲೂ ಇರಲಿಲ್ಲ. ಉಳಿದದ್ದು ಪ್ಲಾಸ್ಮಾ, ದಾನಿಗಳ ರಕ್ತದಿಂದ ಬೇರ್ಪಡಿಸಿ ಹೆಪ್ಪುಗಟ್ಟಿಸಿ ಇಟ್ಟ, ಫ್ಯಾಕ್ಟರ್‌ಗಳಿರುವ ದ್ರವ. ಕೆ.ಜಿ.ಗೆ 15 ಎಂಎಲ್ ಅಂದರೆ ನಾಲ್ಕು ಬ್ಯಾಗ್.

ಪ್ಲಾಸ್ಮಾ ಐಸ್ ಹಲಗೆಯ ಹಾಗೆ ಗಟ್ಟಿ. 37 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಇಟ್ಟು ಕರಗಿಸಬೇಕು. "ಬಿಸಿನೀರಿಗೆ ಹಾಕಿದ್ರೆ ಬೇಗ ಆಗಲ್ವಾ ಸಾರ್?" ಅಂದ ಮಗ. ಹಾಗೆ ಮಾಡಿದರೆ ಒಳಗಿನ ಪ್ರೋಟೀನ್ ಕೆಡುತ್ತೆ, ಆಮೇಲೆ ಕೊಟ್ಟು ಏನು ಪ್ರಯೋಜನ? ಅಷ್ಟರಲ್ಲಿ ಅಮ್ಮನಿಗೆ ಎರಡು ಬ್ಯಾಗ್ ರಕ್ತ ಕೊಟ್ಟಾಗಿತ್ತು.

ಪ್ಲಾಸ್ಮಾದ ಮೂರನೇ ಬ್ಯಾಗ್ ಮುಗಿಯುವಾಗ ಅಮ್ಮನಿಗೆ ಉಸಿರು ಎಳೆಯಿತು. ಬೆನ್ನ ಕೆಳಗೆ ಕಿವಿಗೊಟ್ಟರೆ ಗುಳುಗುಳು. ವಾಲ್ವ್ ಹಾಕಿದ ಹೃದಯಕ್ಕೆ ಅಷ್ಟು ನೀರು ಜಾಸ್ತಿಯೇ. ಬಿಪಿ ಅಷ್ಟರಲ್ಲಿ ಚೇತರಿಸಿಕೊಂಡಿದ್ದರಿಂದ, ಮೂತ್ರದಲ್ಲಿ ನೀರು ಹೊರಹಾಕುವ ಲಾಸಿಕ್ಸ್ ಕೊಟ್ಟು, ನಾಲ್ಕನೆಯದನ್ನು ನಿಧಾನ ಮಾಡಿದೆ. ಬೆಳಗಿನ ಜಾವ ಐಎನ್‌ಆರ್ 1.8. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು, ಅಲ್ಲೇ ಕ್ಲಿಪ್ ಹಾಕಿದರು.

ಅಂದ ಹಾಗೆ, ಕವರಿನಲ್ಲಿ ಹೆಪ್ಪುಗಟ್ಟೋದನ್ನು ತಡೆಯುವ ಇನ್ನೊಂದು ಮಾತ್ರೆ, ಡಬಿಗಟ್ರಾನ್, ಇದ್ದಿದ್ದರೆ ವಿಟಮಿನ್ ಕೆ ಕೊಟ್ಟೂ ದಂಡ. ಅದಕ್ಕೆ ಬೇರೆಯೇ ಮದ್ದು, ಇಡರುಸಿಜುಮ್ಯಾಬ್. ಹಾಗಾಗಿ ನಾನು ಮೊದಲು ಮಾತ್ರೆ ಹೆಸರು ಓದುತ್ತೇನೆ.

"ಅಸಿಟ್ರಾಮ್ ಇನ್ನು ಬಿಟ್ಬಿಡೋಣ್ವಾ ಸಾರ್?" ಮಗನ ಕೊನೆಯ ಪ್ರಶ್ನೆ. ಬಿಟ್ಟರೆ ವಾಲ್ವಿನಲ್ಲೇ ರಕ್ತ ಹೆಪ್ಪುಗಟ್ಟುತ್ತೆ ಅಂದೆ. ರಕ್ತ ನಿಂತು ಮೂರು ದಿನಕ್ಕೆ, ಅದೇ ಹೆಪ್ಪುಗಟ್ಟೋದನ್ನು ತಡೆಯುವ ಹೆಪಾರಿನ್ ಡ್ರಿಪ್ ಶುರು ಮಾಡಿದೆವು. ಮತ್ತೆ ರಕ್ತ ಬಂದರೆ ಡ್ರಿಪ್ಪನ್ನು ಆಗಲೇ ನಿಲ್ಲಿಸಬಹುದು, ಹೆಪಾರಿನ್‌ಗೆ ಎದುರು ಮದ್ದು ಪ್ರೋಟಮೀನೂ ಇದೆ. ಕವರಿನಿಂದ ಉಳಿದೆರಡು ಮಾತ್ರೆ ಎತ್ತಿಟ್ಟುಕೊಂಡು, ಅಸಿಟ್ರಾಮ್ ಮಾತ್ರ ಮಗನ ಕೈಗೆ ಕೊಟ್ಟೆ.