ಸ್ಯಾಂಟ್ರೊದ ಟೈಮಿಂಗ್ ಬೆಲ್ಟನ್ನು ಮನೆಯಲ್ಲೇ ಬದಲಿಸಿದ ನನ್ನ ಅನುಭವ

ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯ ಪೋರ್ಚಿನಲ್ಲಿ ನಾನು ಹಾಕಿದ ಟೈಮಿಂಗ್ ಬೆಲ್ಟು ಈಗ ಸುಮಾರು 18,000 ಕಿಲೋಮೀಟರು ಓಡಿದೆ; ಗದಗಕ್ಕೆ ಎಷ್ಟು ಬಾರಿ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಇನ್ನು ಬರೆಯಲು ಅಡ್ಡಿಯಿಲ್ಲ. ಗಾಡಿ 2007ರ ಸ್ಯಾಂಟ್ರೊ ಝಿಂಗ್, 1,086 ಸಿಸಿಯದು. ಟೈಮಿಂಗ್ ಬೆಲ್ಟೆಂದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕನ್ನೂ ವಾಲ್ವು ತೆರೆಯುವ ಕ್ಯಾಮನ್ನೂ ತಾಳ ತಪ್ಪದಂತೆ ಜೋಡಿಸುವ ಹಲ್ಲುಳ್ಳ ರಬ್ಬರ್ ಪಟ್ಟಿ. ಪರಿಚಯದ ಗ್ಯಾರೇಜ್ ಮೇಸ್ತ್ರಿಯೊಬ್ಬರು ಸಾಮಾನು, ಕೂಲಿ ಎಲ್ಲ ಸೇರಿ ಏಳೂವರೆ ಸಾವಿರದ ಆಸುಪಾಸು ಹೇಳಿದ್ದರು. ನಾನೇ ಮಾಡಿಕೊಳ್ಳುತ್ತೇನೆ ಎಂದಾಗ ಅವರು ನಕ್ಕು, “ಒಂದ ಹಲ್ಲು ತಪ್ಪಿದ್ರ ಹೆಡ್ಡ ಬಿಚ್ಚಬೇಕಾಕ್ಕೈತ್ರಿ ಸರ, ಆಮ್ಯಾಲೆ ನನ್ನ ಕಡೆನ ಬರ್ತೀರಿ” ಎಂದರು. ಬೆಲ್ಟು ಒಂದು ಹಲ್ಲು ತಪ್ಪಿ ಕೂತ ಮಾತ್ರಕ್ಕೆ ಹೆಡ್ಡು (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚುವ ಪ್ರಸಂಗ ಬರಲಿಲ್ಲವೆಂಬುದು ಮುಂದೆ ನಾನೇ ತಪ್ಪಿ ಕಲಿತ ಪಾಠ.

ಬೆಲ್ಟು ಕೈಗೆ ಸಿಗಬೇಕಾದರೆ ಮೊದಲು ಕ್ರ್ಯಾಂಕಿನ ತುದಿಯ ಪುಲ್ಲಿ ತೆಗೆಯಬೇಕು; ಮೊದಲ ಭಾನುವಾರವನ್ನು ಆ ಪುಲ್ಲಿಯ ಬೋಲ್ಟೊಂದೇ ನುಂಗಿತು. ಐದನೆಯ ಗೇರಿನಲ್ಲಿಟ್ಟು, ತಮ್ಮನನ್ನು ಬ್ರೇಕಿನ ಮೇಲೆ ಕೂರಿಸಿ, ಸಾಕೆಟ್ಟಿನ ಹ್ಯಾಂಡಲಿಗೆ ಮೂರೂವರೆ ಅಡಿಯ ಜಿಐ ಪೈಪು ತೂರಿಸಿ ಒತ್ತಿದೆ. ಬಿಟ್ಟುಕೊಟ್ಟದ್ದು ಬೋಲ್ಟಲ್ಲ, ನೂರೈವತ್ತು ರೂಪಾಯಿಯ ಅಗ್ಗದ ಸಾಕೆಟ್ಟು. ಅದು ನೆತ್ತಿಯಿಂದ ಬುಡದವರೆಗೆ ಸೀಳಿತು. ಮರುವಾರ ಸುಮಾರು ಆರುನೂರು ಕೊಟ್ಟು ಗಟ್ಟಿ ಇಂಪ್ಯಾಕ್ಟ್ ಸಾಕೆಟ್ಟು ತಂದೆ. ಅದೇ ಪೈಪು, ಅದೇ ತಮ್ಮ. ಪಟಾಕಿ ಸಿಡಿದಂತಹ ಸದ್ದಿನೊಂದಿಗೆ ಬೋಲ್ಟು ಸಡಿಲವಾಯಿತು.

ಬೆಲ್ಟಿನ ಕಡೆ ಎಂಜಿನ್ನನ್ನು ಹಿಡಿದಿರುವ ಮೌಂಟು ಬಿಚ್ಚುವಾಗ ಆಯಿಲ್ ಸಂಪಿನ (ಎಂಜಿನ್ನಿನ ತಳದ ಎಣ್ಣೆ ತಟ್ಟೆಯ) ಕೆಳಗೆ ಹಲಗೆ ಕೊಟ್ಟು ಎಂಜಿನ್ನನ್ನು ಜಾಕಿನಿಂದ ಎತ್ತಿ ಹಿಡಿದಿದ್ದೆ. ಹಲಗೆಯಿಲ್ಲದೆ ಜಾಕು ಕೊಟ್ಟವರ ಸಂಪು ನೆಗ್ಗಿರುವುದನ್ನು ಕಂಡಿದ್ದೇನೆ. ಹಳೆಯ ಬೆಲ್ಟು ತೆಗೆಯುವ ಮುನ್ನ ಪುಲ್ಲಿಗಳ ಮೇಲಿನ ಕಂಪನಿಯ ಗುರುತುಗಳನ್ನು ಕೂಡಿಸಿ, ಅವುಗಳ ಎದುರಿನ ಬೆಲ್ಟಿನ ಹಲ್ಲುಗಳಿಗೆ ಹೆಂಡತಿಯ ಉಗುರು ಬಣ್ಣದಿಂದ ಚುಕ್ಕೆಯಿಟ್ಟು, ಎರಡು ಚುಕ್ಕೆಗಳ ನಡುವಿನ ಹಲ್ಲುಗಳನ್ನು ಮೂರು ಸಲ ಎಣಿಸಿ, ಹೊಸ ಬೆಲ್ಟಿನ ಮೇಲೂ ಅಷ್ಟೇ ಎಣಿಸಿ ಚುಕ್ಕೆ ಹಾಕಿದೆ. ಇಷ್ಟೆಲ್ಲ ಮಾಡಿಯೂ ತಪ್ಪಿದೆ, ಏಕೆಂದರೆ ಬೆಲ್ಟನ್ನು ಬಿಗಿ ಹಿಡಿಯುವ ರಾಟೆಯಾದ ಟೆನ್ಶನರಿನ ಎದುರು ಬದಿಯಲ್ಲಿ ಸ್ವಲ್ಪ ಸಡಿಲು ಉಳಿದಿತ್ತು. ಬಿಗಿಯಾದೊಡನೆ ಕ್ಯಾಮ್ ಪುಲ್ಲಿ ಒಂದು ಹಲ್ಲು ಸರಿದಿತ್ತು. ಎಂಜಿನ್ ಚಾಲೂ ಆಯಿತು, ಆದರೆ ನಿಂತಲ್ಲೇ ಮೈ ನಡುಗಿಸುತ್ತಿತ್ತು, ಓಣಿಯ ತುದಿ ಮುಟ್ಟುವಷ್ಟರಲ್ಲಿ ಉಸಿರುಗಟ್ಟಿದಂತಾಯಿತು. ಸ್ಟಾರ್ಟರು ಮುಟ್ಟುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆತುರದಲ್ಲಿ ಅದನ್ನು ಬಿಟ್ಟಿದ್ದೆ. ಎರಡು ಹಲ್ಲು ಮೂರು ಹಲ್ಲು ತಪ್ಪಿದ್ದರೆ ಪಿಸ್ಟನ್ನು ವಾಲ್ವಿಗೆ ಬಡಿದು ಮೇಸ್ತ್ರಿಯ ಮಾತೇ ನಿಜವಾಗುತ್ತಿತ್ತೇನೋ.

ಬಿಗಿಯ ವಿಷಯದಲ್ಲಿ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯಿಂದ ಬೆಲ್ಟನ್ನು ಎಳೆದು ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆಂದು ಅಳೆದು ಬರೆದುಕೊಂಡೆ. ಐದು ಸಲಕ್ಕೆ ಐದು ಲೆಕ್ಕ ಬಂತು. ಸಿಟ್ಟಿನಿಂದ ಕೈಯಾರೆ ಬಿಗಿ ಮಾಡಿದಾಗ ಬೆಲ್ಟು ಸುಂಯ್‌ಗುಡತೊಡಗಿತು. ಕೊನೆಗೆ ಟೆನ್ಶನರಿನ ಸ್ಪ್ರಿಂಗಿಗೇ ಎಳೆಯಲು ಬಿಟ್ಟು, ಎಂಜಿನ್ ತಣ್ಣಗಿರುವಾಗ ಎರಡು ಸುತ್ತು ತಿರುಗಿಸಿ, ಆಮೇಲೆ ಬೋಲ್ಟು ಬಿಗಿದೆ. ಸದ್ದು ನಿಂತಿತು.

ನನ್ನ ದೊಡ್ಡ ಮೂರ್ಖತನವೆಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಆಯಿಲ್ ಸೀಲು. ಕ್ರ್ಯಾಂಕಿನ ಮುಂಭಾಗದ ಸೀಲಿನಲ್ಲಿ ಎಣ್ಣೆಯ ಪಸೆ ಕಾಣದಿದ್ದುದರಿಂದ ಅದನ್ನು ಬದಲಿಸದೆ ನೂರೆಂಬತ್ತು ರೂಪಾಯಿ ಉಳಿಸಿದೆ. ತಿಂಗಳೊಳಗೆ ಸುಟ್ಟ ಎಣ್ಣೆಯ ವಾಸನೆ ಬಂತು. ಕವರು ತೆಗೆದರೆ ಹೊಸ ಬೆಲ್ಟಿನ ಅಂಚು ಎಣ್ಣೆ ಕುಡಿದು ಉಬ್ಬಿತ್ತು. ಮತ್ತೆ ಬೆಲ್ಟು, ಮತ್ತೆ ಬೋಲ್ಟು, ಮತ್ತೆ ತಮ್ಮ. ಈ ಸಲ ಕ್ಯಾಮಿನದೂ ಕ್ರ್ಯಾಂಕಿನದೂ ಎರಡೂ ಸೀಲು ಬದಲಿಸಿದೆ. ಸೀಲು ಓರೆಯಾಗದಂತೆ ಕೂರಿಸಲು ಬಳಸಿದ ಅಡುಗೆಮನೆಯ ವಸ್ತು ಯಾವುದೆಂದು ಇಲ್ಲಿ ಬರೆಯುವುದಿಲ್ಲ; ಮನೆಯಲ್ಲಿ ಅದನ್ನು ಇನ್ನೂ ಹುಡುಕುತ್ತಿದ್ದಾರೆ.

ಎಣ್ಣೆ ಕುಡಿದ ಬೆಲ್ಟನ್ನೂ ಮೊದಲಿನ ಹಳೆಯ ಬೆಲ್ಟನ್ನೂ ಬ್ಲೇಡಿನಿಂದ ಸೀಳಿ ನೋಡಿದೆ. ಹಳೆಯದರಲ್ಲಿ ಗಾಜಿನ ನಾರಿನ ಎಳೆಗಳು ರಬ್ಬರನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಎಣ್ಣೆಯದರಲ್ಲಿ ಉಗುರಿನಿಂದ ಕೆರೆದರೆ ರಬ್ಬರು ಎದ್ದು ಬರುತ್ತಿತ್ತು.

ಎರಡು ಬೆಲ್ಟು, ಟೆನ್ಶನರು, ಸೀಲುಗಳು ಸೇರಿ ಐದು ಸಾವಿರದ ಮೇಲೆ ಸ್ವಲ್ಪ ಆಗಿರಬೇಕು. ಎರಡು ಸಾವಿರ ಉಳಿಯಿತೆಂದು ಮನೆಯಲ್ಲಿ ಹೇಳಿದ್ದೇನೆ. ಸಾಕೆಟ್ಟುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕಳೆದ ತಿಂಗಳು ಅದೇ ಮೇಸ್ತ್ರಿ, ತಮ್ಮದೇ ಬೋಲ್ಟು ಬಿಚ್ಚುವ ಗಾಳಿಯ ಗನ್ನಿಗೂ ಬಗ್ಗದ ಬೋಲ್ಟೊಂದಕ್ಕಾಗಿ ಮೂರೂವರೆ ಅಡಿಯ ಪೈಪನ್ನು ಕೇಳಿ ಒಯ್ದರು. ಇನ್ನೂ ತಂದುಕೊಟ್ಟಿಲ್ಲ.