ಮುಂಗಾರಿನ ತಿಂಗಳಲ್ಲಿ ಹಳ್ಳಿ ಬೀಟ್: ನನ್ನ ಅನುಭವ

ಪೊಲೀಸರ ಹಳ್ಳಿ ಬೀಟಿನಲ್ಲಿ, ಅಂದರೆ ನಮ್ಮ ಪಾಲಿಗೆ ಹಂಚಿದ ಊರನ್ನು ನೋಡಿಕೊಳ್ಳುವ ಕೆಲಸದಲ್ಲಿ, ಯಾವ ತಿಂಗಳು ಕಷ್ಟ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಜಾತ್ರೆಯೋ ಚುನಾವಣೆಯೋ ಇರುವ ತಿಂಗಳು ಎಂದೇ ಅವರ ಊಹೆ. ನನ್ನ ಪ್ರಕಾರ ಮುಂಗಾರು ಬಿದ್ದು ಬೇಸಾಯ ಶುರುವಾಗುವ ತಿಂಗಳೇ ಕಷ್ಟ. ಬಂದೋಬಸ್ತಿಗೆ ಬೇರೆ ಠಾಣೆಗಳಿಂದಲೂ ಸಿಬ್ಬಂದಿ ಬರುತ್ತಾರೆ. ಬದುವಿನ ಜಗಳಕ್ಕೆ ಮೊದಲು ಹೋಗುವವನು ಬೀಟಿನವನೊಬ್ಬನೇ.

ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿ ಭಾಗದ ಠಾಣೆಯೊಂದರಲ್ಲಿ ಹೆಡ್ ಕಾನ್‌ಸ್ಟೆಬಲ್. 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದ ಮೇಲೆ ಠಾಣೆಯ ಸಿಬ್ಬಂದಿಗೆಲ್ಲ ಒಂದೊಂದು ಪ್ರದೇಶ ಹಂಚಿಕೆಯಾಯಿತು. ಹಾಗೆ ನನ್ನ ಪಾಲಿಗೆ ಬಂದದ್ದು ಶೇಂಗಾ, ಮೆಕ್ಕೆಜೋಳ ಬೆಳೆಯುವ ಸಣ್ಣ ಊರು.

ಈ ಸಲ ಮೊದಲ ಹದ ಮಳೆಯಾದ ಮರುದಿನವೇ 112ಕ್ಕೆ ಕರೆ ಹೋಗಿತ್ತು. ಪಕ್ಕದ ಹೊಲದವನು ಬದು ಒತ್ತಿ ಟ್ರ್ಯಾಕ್ಟರ್ ಹೊಡೆದಿದ್ದಾನೆ, ಗಡಿ ಗುರುತಿನ ಬಾಂದುಕಲ್ಲನ್ನೇ ಕಿತ್ತಿದ್ದಾನೆ ಎಂಬ ದೂರು. ನಾನು ಹೋಗುವಷ್ಟರಲ್ಲಿ ಎರಡೂ ಕಡೆಯವರು ಗುದ್ದಲಿ ಹಿಡಿದು ನಿಂತಿದ್ದರು. ಇಂಥ ಕಡೆ ಮೊದಲು ಮಾಡುವ ಕೆಲಸ, ಇಬ್ಬರನ್ನೂ ಹೊಲದಿಂದ ಆಚೆ ತಂದು ಬೇರೆ ಬೇರೆ ಕೂರಿಸುವುದು. ಎದುರುಬದುರು ನಿಲ್ಲಿಸಿ ವಿಚಾರಿಸಿದರೆ ಊರವರ ಮುಂದೆ ಯಾರೂ ಸೋಲಲು ಒಪ್ಪುವುದಿಲ್ಲ. ಒಂಟಿಯಾಗಿ ಮಾತಿಗೆ ಸಿಕ್ಕರೆ ಅದೇ ಮನುಷ್ಯ, "ಸಾರ್, ನಮ್ಮಪ್ಪನ ಕಾಲದಿಂದಲೂ ಇದೇ ಗೋಳು" ಎಂದು ನಿಜ ಬಿಚ್ಚುತ್ತಾನೆ.

ಅಳತೆ ನಮ್ಮ ಕೆಲಸವಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಪೊಲೀಸರು ಬಂದು ಗೆರೆ ಹಾಕಿಕೊಡಲಿ ಎಂದೇ ಜನ ಕಾಯುತ್ತಿರುತ್ತಾರೆ. ಹಾಗೆಂದು "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎಂದಷ್ಟೇ ಹೇಳಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಕಳಿಸಿದವರು ಕೋರ್ಟಿಗೆ ಹೋಗುವ ಮೊದಲು ಮತ್ತೆ ಹೊಲಕ್ಕೇ ಹೋಗುತ್ತಾರೆ. ಅರ್ಜಿ ಪಡೆದು ಸ್ವೀಕೃತಿ ಕೊಟ್ಟೆವು. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಬಂದು ಹೊಲದ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಲು ಏನೇನು ಬೇಕು ಎಂದು ಪಹಣಿ ಮುಂದಿಟ್ಟುಕೊಂಡು ವಿವರಿಸಿದೆ. ಠಾಣೆಯಿಂದ ಬರೆದು ಕೊಡುವ ಉತ್ತರವಾದ ಹಿಂಬರಹದಲ್ಲೂ ಅದನ್ನೇ ಬರೆದೆವು. ಸರ್ವೆ ಮುಗಿಯುವವರೆಗೆ ತಕರಾರಿನ ಜಾಗವನ್ನು ಇಬ್ಬರೂ ಉಳುವುದಿಲ್ಲ ಎಂದು ಹೇಳಿಕೆ ಕೊಟ್ಟರು. ಹೇಳಿಕೆಯೊಂದರ ಮೇಲೆ ನಂಬಿಕೆ ಸಾಲದು ಎಂದು ನಮ್ಮ ಪಿಎಸ್‌ಐ ಸಾಹೇಬರು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 126ರಡಿ ತಹಶೀಲ್ದಾರರಿಗೆ ವರದಿ ಕಳಿಸಿದರು. ದಂಡಾಧಿಕಾರಿಯಾಗಿ ಅವರು ಒಂದು ವರ್ಷದವರೆಗೂ ಶಾಂತಿ ಕಾಪಾಡುವಂತೆ ಮುಚ್ಚಳಿಕೆ ಬರೆಸಿಕೊಳ್ಳಬಹುದು.

ಹಳೆಯ ಬದು ಎಲ್ಲಿತ್ತು ಎಂದು ಬಲ್ಲವರು ಊರಿನ ಒಬ್ಬ ಅಜ್ಜಿ. ಅವರನ್ನು ಠಾಣೆಗೆ ಕರೆಸಿ ಎಂದು ದೂರುದಾರ ಪಟ್ಟು ಹಿಡಿದ. ಹೆಂಗಸರನ್ನು, ಅರವತ್ತು ದಾಟಿದವರನ್ನು ಸಾಕ್ಷಿಗೆಂದು ಠಾಣೆಗೆ ಬರಲೇಬೇಕೆಂದು ಕರೆಯುವಂತಿಲ್ಲ. ಬಿಎನ್‌ಎಸ್‌ಎಸ್ ಕಲಂ 179ರಲ್ಲಿ ಅದು ಇದೆ. ಕಾನೂನು ಇರದಿದ್ದರೂ ನಾನು ಅವರ ಮನೆಗೇ ಹೋಗುತ್ತಿದ್ದೆ. ಜಗಲಿಯಲ್ಲಿ ಕೂತು ಅಜ್ಜಿ ಹೇಳಿದಷ್ಟು ವಿವರ ಠಾಣೆಯ ಬೆಂಚಿನ ಮೇಲೆ ಹೊರಬರುವುದಿಲ್ಲ. ಬದುವಿನ ಮಾತು ಮುಗಿದ ಮೇಲೆ, ಇನ್ನೊಂದು ಬೀದಿಯಲ್ಲಿ ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನ ವಿಷಯವನ್ನೂ ಅವರೇ ಎತ್ತಿದರು. ಆ ಹೆಣ್ಣುಮಗಳು ತಾನಾಗಿ ಎಂದೂ ದೂರು ಕೊಡಲು ಬಂದವಳಲ್ಲ. ಮಹಿಳಾ ಸಿಬ್ಬಂದಿಯನ್ನು ಕರೆದುಕೊಂಡು ಹೋಗಿ ಅವಳನ್ನು ಮಾತಾಡಿಸಿದೆವು.

ಅದೇ ತಿಂಗಳು ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೋದ ರೈತರೊಬ್ಬರು ಹಾವು ಕಚ್ಚಿ ತೀರಿಕೊಂಡರು. ಮನೆಯವರು ಮಣ್ಣು ಮಾಡಲು ಸಿದ್ಧರಾಗಿದ್ದರು. "ಹಾವು ಕಚ್ಚಿದ್ದು ಎಲ್ಲರಿಗೂ ಗೊತ್ತು, ಕೊಯ್ಯುವುದು ಯಾಕೆ ಸಾರ್?" ಎಂದು ಮಗ ಅಳುತ್ತಾ ಕೇಳಿದ. ಇಂಥ ಹೊತ್ತಿನಲ್ಲಿ ಕಲಂ ಹೇಳಿದರೆ ಯಾರ ಕಿವಿಗೂ ಬೀಳದು. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, "ನೋಡಪ್ಪಾ, ನಾಳೆ ಪರಿಹಾರಕ್ಕೆ, ವಿಮೆಗೆ ಅರ್ಜಿ ಹಾಕಿದಾಗ ಮರಣೋತ್ತರ ಪರೀಕ್ಷೆಯ ವರದಿ ಕೇಳುತ್ತಾರೆ. ಅದಿಲ್ಲದಿದ್ದರೆ ನಿಮ್ಮವ್ವ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ" ಎಂದೆ. ಸ್ವಲ್ಪ ಹೊತ್ತಿನ ನಂತರ ಒಪ್ಪಿದರು. ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಯಿತು. ಎಎಸ್‌ಐ ಅವರು ಪಂಚರ ಮುಂದೆ ಶವ ಪಂಚನಾಮೆ ಬರೆದರು. ಈಗ ಬಿಎನ್‌ಎಸ್‌ಎಸ್ ಕಲಂ 194ರ ಪ್ರಕಾರ ಆ ವರದಿ ಇಪ್ಪತ್ತನಾಲ್ಕು ಗಂಟೆಯೊಳಗೆ ದಂಡಾಧಿಕಾರಿಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಗೆ ಮೊದಲೇ ಫೋನು ಮಾಡಿ, ದೇಹ ಬೇಗ ಮನೆ ಸೇರುವಂತೆ ಬೆನ್ನು ಹತ್ತುವುದನ್ನು ಯಾವ ಕಲಮೂ ಹೇಳುವುದಿಲ್ಲ, ಆದರೆ ಮನೆಯವರಿಗೆ ಬೇಕಾದದ್ದು ಅದೇ.

ಉಳಿದದ್ದು ಎಂದಿನಂತೆ ಸಮನ್ಸ್, ವಾರಂಟ್, ರಾತ್ರಿ ಗಸ್ತು. ಕರೆಂಟ್ ಬಿಲ್ ಬಾಕಿ ಎಂಬ ಮೆಸೇಜಿನ ಲಿಂಕ್ ಒತ್ತಿ ಒಬ್ಬರು ಹಣ ಕಳೆದುಕೊಂಡರು. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಅದು ಬೇಗ ಸಿಗುವ ದಾರಿ, ಹಾಗಾಗಿ ಆ ಸಂಖ್ಯೆಯನ್ನು ಹಾಲಿನ ಡೇರಿಯ ಗೋಡೆ ಮೇಲೂ ಬರೆಸಿದ್ದೇನೆ.

ತಿಂಗಳ ಕೊನೆಯ ಮೀಟಿಂಗಿನಲ್ಲಿ ಎಷ್ಟು ಪ್ರಕರಣ, ಎಷ್ಟು ವಾರಂಟ್ ಜಾರಿ ಎಂದು ಕೇಳುತ್ತಾರೆ. ಹೊಡೆದಾಟವಾಗದೆ ಉಳಿದ ಬದುವಿಗೆ ಆ ನಮೂನೆಯಲ್ಲಿ ಕಾಲಂ ಇಲ್ಲ. ಎರಡೂ ಹೊಲಗಳ ಸರ್ವೆ ನಂಬರ್, ಹದ್ದುಬಸ್ತು ಅರ್ಜಿಯ ದಿನಾಂಕ, ಯಾರ ಮಾತನ್ನು ಯಾರು ಕೇಳುತ್ತಾರೆ ಎಂಬುದನ್ನು ಬೀಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ನನಗೆ ವರ್ಗವಾದರೂ ಮುಂದಿನವರಿಗೆ ಸಿಗಲಿ ಎಂದು. ಸರ್ವೆಯರ್ ಬರುವ ದಿನ ಗೊತ್ತಾದ ಕೂಡಲೇ ತಿಳಿಸಿ ಎಂದು ಇಬ್ಬರಿಗೂ ಹೇಳಿದ್ದೇನೆ. ಅಂದು ಬೇರೆ ಡ್ಯೂಟಿ ಹಾಕಬೇಡಿ ಎಂದು ಠಾಣೆಯಲ್ಲೂ ಕೇಳಿಕೊಂಡಿದ್ದೇನೆ.